ಗುಡುಗಿಗೆ ತೆಗೆದ ಪ್ಲಗ್

ಮಂಗಳೂರಿನಲ್ಲಿ ಗುಡುಗು ಕೇಳಿದರೆ ಯಾರೂ ಮೊದಲು ಆಕಾಶ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಎಲ್ಲೆಲ್ಲಿ ಪ್ಲಗ್ ಸಿಕ್ಕಿಸಿದೆಯೋ ಅಲ್ಲಿಗೆ ಓಡಿ ಕಿತ್ತುಬಿಡುತ್ತಾರೆ. ಟೀವಿ, ಫ್ರಿಜ್ಜು, ಇಂಟರ್ನೆಟ್ಟಿನ ಡಬ್ಬಿ, ಚಾರ್ಜಿಗೆ ಇಟ್ಟ ಮೊಬೈಲು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗೇ ಗೋಡೆಯಿಂದ ಹೊರಗೆ ಬರಬೇಕು. ದೋಸೆಯ ಅಕ್ಕಿ ಅರ್ಧ ಅರೆದಿರುವಾಗ ಗ್ರೈಂಡರಿನ ಪ್ಲಗ್ ತೆಗೆದು, ಮಳೆ ಹೋಗಲಿ ಎಂದು ಹಿಟ್ಟಿನ ಕೈಯಲ್ಲೇ ಕೂತ ಸಂಜೆಗಳು ನಮ್ಮ ಮನೆಯಲ್ಲಿ ಎಷ್ಟೋ ಇವೆ. ಬೇರೆ ಕಡೆಯಿಂದ ವರ್ಗವಾಗಿ ಬಂದವರು ಮೊದಮೊದಲು ನಗುತ್ತಾರೆ. ಅವರದೂ ಒಂದು ಟೀವಿ ಸುಟ್ಟುಹೋದ ಮೇಲೆ ನಗು ನಿಲ್ಲುತ್ತದೆ.

ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಇದೇ ರೂಢಿ. ಹಿಂದೊಮ್ಮೆ ಮೇ ತಿಂಗಳ ಒಂದು ಸಂಜೆ ಸಿಡಿಲು ಬಡಿದು ಓದುವ ಕೋಣೆಯ ಕಂಪ್ಯೂಟರುಗಳೆಲ್ಲ ಒಟ್ಟಿಗೇ ಸತ್ತುಹೋಗಿದ್ದವು. ಸುಟ್ಟ ವಾಸನೆ ಪುಸ್ತಕಗಳಿಗೂ ಹತ್ತಿಕೊಂಡು ಮಳೆಗಾಲ ಮುಗಿಯುವವರೆಗೆ ಹೋಗಿರಲಿಲ್ಲ. ಆಮೇಲೆ ಗ್ರಂಥಪಾಲಕರು ಒಂದು ನಿಯಮ ಮಾಡಿದರು: ಮೊದಲ ಗುಡುಗು ಕೇಳಿದ ಕೂಡಲೇ ಎಲ್ಲ ಪ್ಲಗ್ ತೆಗೆಯಬೇಕು. ತೆಗೆಯುವವರು ಯಾರು ಎಂದು ನಿಯಮದಲ್ಲಿ ಇರಲಿಲ್ಲ. ಸರ್ಕಾರಿ ನಿಯಮಗಳಲ್ಲಿ ಸಾಮಾನ್ಯವಾಗಿ ಅದೊಂದು ಇರುವುದಿಲ್ಲ. ಹಾಗಾಗಿ ಕೆಲಸ ಕಂಪ್ಯೂಟರಿನ ಮುಂದೆ ಕೂರುವ ಹೆಂಗಸಿನ ಪಾಲಿಗೆ ಬಂತು.

ವಿದ್ಯಾರ್ಥಿಗಳು ಅವಳನ್ನು ‘ಕಂಪ್ಯೂಟರ್ ಅಕ್ಕ’ ಎನ್ನುತ್ತಿದ್ದರು. ಏಜೆನ್ಸಿಯ ಮೂಲಕ ಬಂದ ಗುತ್ತಿಗೆಯ ಕೆಲಸ ಅವಳದು. ವರ್ಷ ವರ್ಷವೂ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕನ್ನಡ ಮತ್ತು ತುಳು ಪುಸ್ತಕಗಳ ಹಳೆಯ ಕಾರ್ಡುಗಳನ್ನು ನೋಡಿ ಹೆಸರು, ಬರೆದವರು, ಕಪಾಟಿನ ಸಂಖ್ಯೆ ಎಲ್ಲವನ್ನೂ ಕಂಪ್ಯೂಟರಿಗೆ ತುಂಬುವುದು ಅವಳ ಕೆಲಸ. ಕಾರ್ಡುಗಳ ಅಂಚನ್ನು ಗೆದ್ದಲು ತಿಂದಿತ್ತು. ತಿಂದುಹೋದ ಜಾಗದಲ್ಲಿ ಏನಿತ್ತು ಎಂದು ಕಪಾಟಿಗೆ ಹೋಗಿ ಪುಸ್ತಕವನ್ನೇ ತೆಗೆದು ನೋಡಿ ಬಂದು ಟೈಪು ಮಾಡುತ್ತಿದ್ದಳು. ಒಂದು ಕಾರ್ಡು ಮುಗಿದರೆ ಅದರ ಮೂಲೆಯನ್ನು ಸ್ವಲ್ಪ ಮಡಚಿ ಕವುಚಿ ಇಡುತ್ತಿದ್ದಳು. ತುಂಬ ವರ್ಷ ಅದನ್ನೇ ಮಾಡಿದಳು. ಕಾರ್ಡುಗಳ ಕಪಾಟು ಖಾಲಿಯಾದ ಮೇಲೆ ಅದನ್ನು ಗುಜರಿಗೆ ಕೊಟ್ಟರು. ಕಾರ್ಡುಗಳೂ ಅದರೊಂದಿಗೇ ಹೋದವು.

ಅವಳ ಮನೆ ಬೋಳಾರದಲ್ಲಿ, ಹೊಳೆಗೆ ಇಳಿಯುವ ಓಣಿಯ ಕೊನೆಗೆ. ಗಂಡ ಪಣಂಬೂರಿನ ಬಂದರಿಗೆ ಲಾರಿ ಓಡಿಸುತ್ತಿದ್ದವನು, ಹೆದ್ದಾರಿಯ ಅಪಘಾತದಲ್ಲಿ ಹೋಗಿಬಿಟ್ಟ. ಆಮೇಲೆ ತಾಯಿಯ ಜೊತೆ ಬಂದು ಕೂತಳು. ತಾಯಿ ಬೀಡಿ ಕಟ್ಟುವವರು. ಇವಳೂ ಶಾಲೆಗೆ ಹೋಗುವಾಗಿನಿಂದ ಕಟ್ಟಿದವಳೇ. ಮಡಿಲಲ್ಲಿ ತಡ್ಪೆ, ಅಂದರೆ ಅಕ್ಕಿ ಕೇರುವ ಮೊರ. ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಬೆಳಿಗ್ಗೆ ಕೂತರೆ ಬೆನ್ನು ನೆಟ್ಟಗಾಗುವುದು ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟು ಕೊಡಲು ಹೋಗುವಾಗ. ಬ್ರಾಂಚಿನವ ಸಡಿಲವಾದದ್ದನ್ನೆಲ್ಲ ಕೈಯಲ್ಲಿ ಹಿಸುಕಿ ತುಂಡು ಮಾಡಿ ಎಸೆಯುತ್ತಾನೆ. ಎಸೆದದ್ದು ಎಸೆದದ್ದೇ, ಅದು ಲೆಕ್ಕಕ್ಕೆ ಬರುವುದಿಲ್ಲ.

“ನನ್ನ ಟೈಪು ಫಾಸ್ಟ್ ಅಂತ ಎಲ್ಲರೂ ಹೇಳ್ತಾರಲ್ಲ ಅಕ್ಕ,” ಎಂದು ಒಮ್ಮೆ ಅವಳು ನಕ್ಕಿದ್ದಳು. “ಅದು ಬೀಡಿಯ ಕೈ. ನೂಲು ಸುತ್ತುವ ಬೆರಳು.”

ನಾವಿಬ್ಬರೂ ಮಧ್ಯಾಹ್ನ ಬೈಂಡಿಂಗ್ ಕೋಣೆಯಲ್ಲಿ ಊಟ ಮಾಡುತ್ತಿದ್ದೆವು. ಅಲ್ಲಿ ಅಂಟಿನ ವಾಸನೆ ಇದ್ದರೂ ಫ್ಯಾನು ಚೆನ್ನಾಗಿತ್ತು. ನನ್ನದು ಪತ್ರಿಕೆಗಳ ವಿಭಾಗ, ಖಾಯಂ ಕೆಲಸ. ನಾನು ಪಲ್ಯ ತಂದರೆ ಅವಳು ಬಂಗುಡೆಯ ಪುಳಿಮುಂಚಿ ತರುತ್ತಿದ್ದಳು. ಮೀನಿನ ಡಬ್ಬಿ ತೆರೆಯುವ ಮೊದಲು ಎದ್ದು ಬಾಗಿಲು ಹಾಕಿ ಬರುತ್ತಿದ್ದಳು. ವಾಸನೆ ಹೊರಗೆ ಹೋದರೆ ಗ್ರಂಥಪಾಲಕರ ಮುಖ ಬಾಡುತ್ತದೆ ಎಂದು. ಹೀಗೆ ತಿನ್ನುತ್ತಾ ಒಂದು ದಿನ ಅವಳು ಹೇಳಿದ ಮಾತು ನನಗೆ ಹಾಗೇ ನೆನಪಿದೆ.

“ಎಂತ ಆದ್ರೂ ಸರಿ ಅಕ್ಕ. ಆ ತಡ್ಪೆ ಇನ್ನು ನನ್ನ ಮಡಿಲಿಗೆ ಬರ್ಬಾರ್ದು.”

ಹೊಸ ಕಂಪ್ಯೂಟರುಗಳು ಬರುತ್ತವೆ ಎಂಬ ಸುದ್ದಿ ಬಂದದ್ದು ಮಳೆಗಾಲದಲ್ಲಿ. ಬರಲೇಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಹಳೆಯ ಯಂತ್ರಗಳ ಸ್ಥಿತಿ ಕಂಡವರಿಗೆ ಕರುಣೆ ಬರುತ್ತಿತ್ತು. ಕಡಲ ಗಾಳಿಗೆ ಸ್ಕ್ರೂಗಳೆಲ್ಲ ತುಕ್ಕು ಹಿಡಿದು, ಡಬ್ಬಿ ಬಿಚ್ಚಬೇಕಾದರೆ ತೆಂಗಿನೆಣ್ಣೆ ಹಾಕಿ ಕಾಯಬೇಕು. ಕೀಬೋರ್ಡಿನೊಳಗೆ ಇರುವೆ, ಸಿಪಿಯು ಒಳಗೆ ಹಲ್ಲಿಯ ಮೊಟ್ಟೆ. ಮಳೆಗಾಲದಲ್ಲಿ ಸರ್ವರ್ ಇರುವ ಸಣ್ಣ ಕೋಣೆಯಲ್ಲಿ ಬೇಕೆಂದೇ ಒಂದು ಹಳೆಯ ಹಳದಿ ಬಲ್ಬು ಹಗಲಿಡೀ ಉರಿಸುತ್ತಿದ್ದೆವು, ಬಾಳಂತಿಯ ಕೋಣೆಯಲ್ಲಿ ಬೆಂಕಿ ಇಟ್ಟ ಹಾಗೆ, ತೇವ ಹಿಡಿಯದಿರಲಿ ಎಂದು. ಅವಳು ಹಳೆಯ ಪರದೆಯ ಬಟ್ಟೆಯಿಂದ ಪ್ರತಿಯೊಂದಕ್ಕೂ ಮುಸುಕು ಹೊಲಿದಿದ್ದಳು. ಸಂಜೆ ಮುಸುಕು ಹಾಕಿದರೆ ಓದುವ ಕೋಣೆಯಲ್ಲಿ ಹೂವಿನ ಸೀರೆ ಉಟ್ಟ ಹೆಂಗಸರು ತಲೆತಗ್ಗಿಸಿ ಕೂತ ಹಾಗೆ ಕಾಣುತ್ತಿತ್ತು.

ಹೊಸದು ಬರುವುದರ ಜೊತೆಗೆ ಇನ್ನೊಂದು ಸುದ್ದಿಯೂ ಬಂತು. ಏಜೆನ್ಸಿಯ ಗುತ್ತಿಗೆ ಈ ವರ್ಷಕ್ಕೆ ಮುಗಿಯುತ್ತದೆ, ಡಾಟಾ ಎಂಟ್ರಿಯವರು ಇನ್ನು ಬೇಡ. ಅವಳು ಗ್ರಂಥಪಾಲಕರ ಕೋಣೆಗೆ ಹೋದಳು. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದಳು. ಗ್ರಂಥಪಾಲಕರು ಕೆಟ್ಟವರಲ್ಲ. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಮುಟ್ಟಿಸುವಾಗ ಕನ್ನಡಕ ತೆಗೆದು ಒರೆಸುತ್ತಾರೆ, ಅಷ್ಟೆ.

“ನೋಡಿಯಮ್ಮ,” ಎಂದರು ಕನ್ನಡಕ ಒರೆಸುತ್ತಾ. “ಹೊಸ ಸಿಸ್ಟಮ್‌ಗೆ ಒಬ್ಬರು ಆಪರೇಟರ್ ಬೇಕು ಅಂತ ನಾನು ಬರೆದಿದ್ದೇನೆ. ನಿಮ್ಮ ಕನ್ನಡ ಕ್ಯಾಟಲಾಗ್ ಪೂರ್ತಿ, ಒಂದೂ ಬಿಡದೆ ಹೊಸದಕ್ಕೆ ಹೋಗ್ಲಿ. ಉದ್ಘಾಟನೆ ದಿನ ಅದು ಸ್ಕ್ರೀನಲ್ಲಿ ಕಾಣ್ಲಿ. ಮರುದಿನವೇ ನಿಮ್ಮ ಹೆಸರು ಕಳಿಸ್ತೇನೆ. ಇಲ್ಲದಿದ್ರೆ ನಾನು ಯಾವ ಮುಖದಲ್ಲಿ ಕಳಿಸ್ಲಿ?”

“ಹೋಗ್ತದೆ ಸರ್,” ಎಂದಳು ಅವಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡಳು.

ನವರಾತ್ರಿಯ ಹೊತ್ತಿಗೆ ಹೊಸ ಯಂತ್ರಗಳು ಪೆಟ್ಟಿಗೆಗಳಲ್ಲಿ ಬಂದು ವರಾಂಡ ತುಂಬ ಕೂತವು. ಅವುಗಳ ಜೊತೆ ಕಂಪನಿಯ ಎಂಜಿನಿಯರ್ ಬಂದ. ಬಜಪೆ ಕಡೆಯ ಹುಡುಗ, ಗಡ್ಡ ಚೆನ್ನಾಗಿ ಕತ್ತರಿಸಿಕೊಂಡವನು, ಯಾವಾಗಲೂ ಕಿವಿಯಲ್ಲಿ ಫೋನು. ಆಯುಧಪೂಜೆಯ ದಿನ ನಮ್ಮ ಅಟೆಂಡರ್ ಎಂದಿನಂತೆ ಗಂಧದ ಬಟ್ಟಲು ಹಿಡಿದು ಹೊರಟರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮಾತು ಹೆಚ್ಚು. ಹಳೆಯ ಮಾನಿಟರುಗಳ ಹಣೆಗೆಲ್ಲ ಗಂಧ ಕುಂಕುಮ ಹಚ್ಚಿದ ಮೇಲೆ ವರಾಂಡಕ್ಕೆ ಬಂದು ಪೆಟ್ಟಿಗೆಗಳಿಗೂ ಹಚ್ಚತೊಡಗಿದರು.

“ಒಳಗಿನದ್ದಕ್ಕೆ ಹಚ್ಬೇಡಿ ಮಾರಾಯ್ರೆ,” ಎಂದು ಎಂಜಿನಿಯರ್ ಓಡಿ ಬಂದ. “ವಾರಂಟಿ ಹೋಗ್ತದೆ.”

“ನಿನ್ನ ವಾರಂಟಿ ಎಷ್ಟು ವರ್ಷದ್ದು?”

“ಮೂರು.”

“ಇದು ಹಚ್ಚಿದ್ರೆ ಮುಂದಿನ ಆಯುಧಪೂಜೆವರೆಗೆ ಗ್ಯಾರಂಟಿ. ಆಮೇಲೆ ನಾನು ಪುನಃ ಬಂದು ರಿನ್ಯೂ ಮಾಡ್ತೇನೆ. ನಿನ್ನ ಕಂಪನಿಯವ ಬರ್ತಾನಾ?”

ಎಲ್ಲರೂ ನಕ್ಕರು. ಹೊರಗೆ ಗೇಟಿನ ಹತ್ತಿರ ಹುಲಿವೇಷದವರು ಬಂದಿದ್ದರು. ತಾಸೆ ಬಡಿಯುವ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಅವಳು ಮಾತ್ರ ಸರ್ವರ್ ಕೋಣೆಯಲ್ಲಿ ಇದ್ದಳು. ಮನೆಯಿಂದ ತಂದ ಮಲ್ಲಿಗೆಯ ತುಂಡನ್ನು ಹಳೆಯ ಸರ್ವರಿನ ಮೇಲೆ ಇಟ್ಟು, ಅಲ್ಲೇ ಸ್ವಲ್ಪ ಹೊತ್ತು ನಿಂತಳು. “ಇದಕ್ಕೆ ಕಡೇ ಪೂಜೆ ಅಲ್ವಾ ಅಕ್ಕ,” ಎಂದಳು.

ಹೊಸದಕ್ಕೆ ವಿಷಯ ದಾಟಿಸುವುದು ಇಂಗ್ಲಿಷಿನದ್ದು ಸುಲಭವಾಯಿತು. ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ಕನ್ನಡದ್ದೇ ತೊಂದರೆ. ಹಳೆಯ ಕಂಪ್ಯೂಟರಿನಲ್ಲಿ ಅವಳು ಟೈಪು ಮಾಡಿದ ಅಕ್ಷರದ ಜಾತಿ ಬೇರೆ, ಹೊಸದಕ್ಕೆ ಅರ್ಥವಾಗುವ ಜಾತಿ ಬೇರೆ. ಮೊದಲ ದಿನ ದಾಟಿಸಿದಾಗ ಪುಸ್ತಕದ ಹೆಸರುಗಳ ಜಾಗದಲ್ಲಿ ಬರೀ ಚೌಕ ಚೌಕ ಬಂದವು, ಸಾಲು ಸಾಲಾಗಿ ಖಾಲಿ ಕಿಟಕಿಗಳ ಹಾಗೆ. ಅವಳು ಆ ದಿನ ಊಟದ ಡಬ್ಬಿ ತೆರೆಯಲಿಲ್ಲ. ಎಂಜಿನಿಯರ್ ಯಾರಿಗೋ ಫೋನು ಮಾಡಿ, ಮೂರ್ನಾಲ್ಕು ದಿನ ಕೂತು, ಅಕ್ಷರಗಳನ್ನು ಹಳೆಯ ಸರ್ವರಿನ ಒಳಗೇ ಒಂದೊಂದಾಗಿ ಬದಲಾಯಿಸುವ ಒಂದು ಉಪಾಯ ಮಾಡಿದ. ಕೆಲವು ಹೆಸರು ಬದಲಾಯಿಸಿ ತೋರಿಸಿದ. ಅವಳು ಕುರ್ಚಿಯ ಹಿಂದೆ ನಿಂತು ಓದಿದಳು. ಒತ್ತಕ್ಷರ ಕೂಡ ಸರಿ ಇತ್ತು.

“ನಾಡಿದ್ದು ಇಡೀದಕ್ಕೆ ಹಾಕ್ತೇನೆ,” ಎಂದ ಅವನು. “ಒಂದು ಮಧ್ಯಾಹ್ನ ಬೇಕು. ನಡುವೆ ಯಾರೂ ಮುಟ್ಬಾರ್ದು, ಅಷ್ಟೆ.”

ಪ್ರತಿ ಶುಕ್ರವಾರ ಅವಳು ಇಡೀ ಕ್ಯಾಟಲಾಗನ್ನು ಬೇರೆ ಒಂದು ಸಣ್ಣ ಡಿಸ್ಕಿಗೆ ನಕಲು ಮಾಡಿ ಇಡುತ್ತಿದ್ದಳು. ಆ ಡಿಸ್ಕನ್ನು ಅವನು ಕೇಳಿ ತೆಗೆದುಕೊಂಡ. ಹಳೆಯ ಸರ್ವರಿನಲ್ಲಿ ಜಾಗ ಸಾಲದು, ಇದನ್ನು ಖಾಲಿ ಮಾಡಿ ಅದಕ್ಕೆ ಸಿಕ್ಕಿಸುತ್ತೇನೆ, ಕೆಲಸ ಮುಗಿದ ಮೇಲೆ ಪುನಃ ತುಂಬಿಸಿ ಕೊಡುತ್ತೇನೆ ಎಂದ. ಅವಳು ಕೊಟ್ಟಳು. ಎಂಜಿನಿಯರ್ ಕೇಳಿದರೆ ಕೊಡದೆ ಇರಲಿಕ್ಕೆ ಅವಳು ಯಾರು?

ಆ ದಿನ ಬೆಳಿಗ್ಗೆಯಿಂದ ಸೆಕೆ. ಬೆವರು ಒರೆಸಿದಷ್ಟೂ ಬರುವ ನಮ್ಮ ಅಕ್ಟೋಬರಿನ ಸೆಕೆ ಅದು. ಪತ್ರಿಕೆಗಳು ಮುಟ್ಟಿದರೆ ಕೈಗೆ ಅಂಟಿಕೊಳ್ಳುತ್ತಿದ್ದವು. ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಎಂಜಿನಿಯರ್ ಇನ್ನೂ ಕೆಲಸಕ್ಕೆ ತಯಾರಿ ನಡೆಸಿದ್ದ. ಅದೇ ಹೊತ್ತಿಗೆ ಕಂಪನಿಯ ಲಾರಿ ಬಂತು. ಹಳೆಯ ಸಾಮಾನು ಕೊಟ್ಟರೆ ಹೊಸದರಲ್ಲಿ ರಿಯಾಯಿತಿ ಎಂಬ ಮಾತಿತ್ತಂತೆ. ಏನೇನು ಕೊಡಬಹುದೋ ಅದನ್ನೆಲ್ಲ ಹೊರಗೆ ಹೊರುತ್ತಿದ್ದರು. ಮುರಿದ ಪ್ರಿಂಟರು, ಮಾನಿಟರುಗಳು. ಬಾಗಿಲು ಹಾಕಿದ್ದರಿಂದ ನಮಗೆ ಅಟೆಂಡರ್ ಯಾರನ್ನೋ ಬೈಯುವ ಧ್ವನಿ ಮಾತ್ರ ಕೇಳುತ್ತಿತ್ತು. ಅವಳು ಅವಸರದಲ್ಲಿ ತಿಂದು ಕೈತೊಳೆದು ಹೋದಳು.

ಆಮೇಲಿನದ್ದನ್ನು ನಾನು ನನ್ನ ಮೇಜಿನಿಂದಲೇ ನೋಡಿದ್ದು. ಪತ್ರಿಕೆ ವಿಭಾಗದಿಂದ ಸರ್ವರ್ ಕೋಣೆಯ ಬಾಗಿಲು ನೇರ ಕಾಣುತ್ತದೆ. ಅವಳು ಬಾಗಿಲ ಹೊರಗಿನ ತನ್ನ ಕುರ್ಚಿಯಲ್ಲಿ ಕೂತು, ಒಳಗೆ ಸ್ಕ್ರೀನಿನಲ್ಲಿ ಓಡುವ ಸಾಲುಗಳನ್ನು ನೋಡುತ್ತಿದ್ದಳು. ಎಂಜಿನಿಯರ್ ಎದ್ದು ಬಂದ.

“ಕ್ಯಾಂಟೀನಿಗೆ ಹೋಗಿ ಬರ್ತೇನೆ ಅಕ್ಕ. ಬೆಳಿಗ್ಗೆಯಿಂದ ಎಂತದೂ ತಿನ್ಲಿಲ್ಲ. ಮೌಸು, ಕೀಬೋರ್ಡು ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ.”

“ನೊಣಕ್ಕೂ ಬಿಡುವುದಿಲ್ಲ,” ಎಂದಳು ಅವಳು. “ನೀವು ಹೊಟ್ಟೆ ತುಂಬ ತಿಂದು ಬನ್ನಿ.”

ನಿಜಕ್ಕೂ ಒಬ್ಬ ವಿದ್ಯಾರ್ಥಿ ಪೆನ್‌ಡ್ರೈವ್ ಹಿಡಿದು ಬಂದಾಗ ಕೈ ಅಡ್ಡ ಹಿಡಿದು ಅವನನ್ನು ಕಳಿಸಿದಳು. ಕಿಟಕಿಯ ಹೊರಗೆ ಬೆಳಕು ಬಣ್ಣ ಬದಲಾಯಿಸಿತು. ಗಾಳಿ ನಿಂತುಹೋಯಿತು. ಅಟೆಂಡರ್ ಯಾವುದೋ ಕಿಟಕಿ ಹಾಕುವ ಸದ್ದು ಕೇಳಿತು. ಆಮೇಲೆ ಹೊಳೆಯ ಕಡೆಯಿಂದ ಮೊದಲ ಗುಡುಗು ಉರುಳಿಕೊಂಡು ಬಂತು.

ಓದುವ ಕೋಣೆಯಲ್ಲಿ ನಾಲ್ಕೈದು ಮಂದಿ ಒಟ್ಟಿಗೇ ಎದ್ದರು, ಚಾರ್ಜರ್ ತೆಗೆಯಲಿಕ್ಕೆ. ನಾನೂ ನನ್ನ ಮೇಜಿನ ಫ್ಯಾನಿನ ಪ್ಲಗ್ ಕಿತ್ತೆ. ಅವಳು ಎದ್ದು ಒಳಗೆ ಹೋದಳು. ಮೇಜಿನ ಕೆಳಗೆ ಬಗ್ಗಲೂ ಇಲ್ಲ. ಮೊಣಕಾಲು ಸ್ವಲ್ಪ ಬಾಗಿಸಿ, ಕಣ್ಣು ಸ್ಕ್ರೀನಿನ ಮೇಲೇ ಇಟ್ಟು, ಬಲಗೈಯನ್ನು ಹಿಂದಕ್ಕೆ ಗೋಡೆಗೆ ಚಾಚಿ ಎಳೆದಳು. ಅಷ್ಟು ವರ್ಷ ಮಾಡಿದ ಕೆಲಸ, ಕೈಗೆ ದಾರಿ ಗೊತ್ತಿತ್ತು. ಗೋಡೆಯ ಪ್ಲಗ್ ತೆಗೆದರೆ ಸರ್ವರ್ ಆರುವುದಿಲ್ಲ. ಮೇಜಿನ ಕೆಳಗೆ ಯುಪಿಎಸ್ ಇದೆ, ಅಂದರೆ ಬ್ಯಾಟರಿಯ ಪೆಟ್ಟಿಗೆ. ಕರೆಂಟು ಹೋದರೂ ಸ್ವಲ್ಪ ಹೊತ್ತು ಅದು ನಡೆಸುತ್ತದೆ. ಗುಡುಗು ದೂರ ಹೋದ ಮೇಲೆ ಪುನಃ ಸಿಕ್ಕಿಸಿದರೆ ಆಯಿತು. ಯಾವಾಗಲೂ ಹಾಗೇ.

ಸ್ಕ್ರೀನು ಕಪ್ಪಾಯಿತು.

ಅವಳು ಪ್ಲಗ್ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ನಾನು ಓಡಿ ಹೋದೆ. ಸರ್ವರಿನ ಫ್ಯಾನು ತಿರುಗುವ ಸದ್ದು ಸಣ್ಣದಾಗುತ್ತಾ ಹೋಗಿ ನಿಂತಿತು. ಇಷ್ಟು ವರ್ಷ ಆ ಸದ್ದು ಇದೆ ಎಂದೇ ನಮಗೆ ಗೊತ್ತಿರಲಿಲ್ಲ. ಅವಳು ನಿಧಾನವಾಗಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಯುಪಿಎಸ್ ಇರುವ ಜಾಗದಲ್ಲಿ ಹೊಸ ಕಂಪ್ಯೂಟರಿನ ಒಂದು ಖಾಲಿ ಪೆಟ್ಟಿಗೆ ಇತ್ತು. ಅದರ ಮೇಲೆ ಆಯುಧಪೂಜೆಯ ಕುಂಕುಮ.

ಎಂಜಿನಿಯರ್ ಗೋಳಿಬಜೆಯ ಪೊಟ್ಟಣ ಹಿಡಿದು ಬಂದ. “ತಿನ್ನಿ ಅಕ್ಕ, ಬಿಸಿ ಉಂಟು,” ಎಂದು ಚಾಚಿದವನು ಸ್ಕ್ರೀನು ನೋಡಿದ.

“ಯಾರು ತೆಗೆದದ್ದು?”

“ನಾನು. ಗುಡುಗು ಬಂತಲ್ಲ.”

“ಗುಡುಗು ಬಂದ್ರೆ? ರನ್ ಆಗ್ತಾ ಇತ್ತಲ್ಲ ಮಾರಾಯ್ತಿ! ಎಂತ ನೀವು!”

“ಯುಪಿಎಸ್...”

“ಅದನ್ನು ಆಗ್ಲೇ ಲಾರಿಗೆ ಹಾಕಿ ಆಯ್ತಲ್ಲ. ಎಕ್ಸ್‌ಚೇಂಜ್‌ಗೆ. ಶುರು ಮಾಡುವ ಮೊದ್ಲೇ ಗೋಡೆಗೆ ಡೈರೆಕ್ಟ್ ಕೊಟ್ಟಿದ್ದೆ ನಾನು.”

ಅಟೆಂಡರ್ ಬಾಗಿಲಿಗೆ ಬಂದಿದ್ದರು. “ನಾನೇ ಹೊತ್ತದ್ದು,” ಎಂದರು. “ನೀವು ಊಟಕ್ಕೆ ಹೋದಾಗ. ಇವ ಕೊಂಡೋಗಿ ಅಂದ, ಕೊಂಡೋದೆ. ನಂಗೆ ಎಂತ ಗೊತ್ತು ಮಗಾ.”

ಮಳೆ ಆಗ ಶುರುವಾಯಿತು. ಅಂಥ ದೊಡ್ಡದೇನೂ ಅಲ್ಲ. ಅದೊಂದು ಗುಡುಗು ಬಿಟ್ಟರೆ ಇನ್ನೊಂದು ಬರಲಿಲ್ಲ. ಸಿಡಿಲು ಎಲ್ಲಿಯೂ ಬಡಿಯಲಿಲ್ಲ.

ಸಂಜೆಯವರೆಗೂ ಅವನು ಹೋರಾಡಿದ. ಮರುದಿನ ಕಂಪನಿಯಿಂದ ಇನ್ನೂ ಒಬ್ಬ ಬಂದ. ಅಕ್ಷರ ಬದಲಾಗುತ್ತಿರುವ ನಡುವೆಯೇ ನಿಂತದ್ದರಿಂದ ಒಳಗಿನದ್ದೆಲ್ಲ ಒಂದಕ್ಕೊಂದು ಸಿಕ್ಕಿಕೊಂಡಿದೆ, ತೆರೆಯುವುದಿಲ್ಲ ಎಂದರು. ಖಾಲಿ ಮಾಡಿ ಸಿಕ್ಕಿಸಿದ್ದ ಡಿಸ್ಕಿನಲ್ಲೂ ಅದೇ. ಇಂಗ್ಲಿಷ್ ಪುಸ್ತಕಗಳದ್ದು ಮೊದಲೇ ದಾಟಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ. ಕನ್ನಡದ್ದು, ತುಳುವಿನದ್ದು, ಅವಳ ಅಷ್ಟು ವರ್ಷದ್ದು, ಹೋಯಿತು. ಕಾರ್ಡುಗಳಿಗೆ ತಿರುಗಿ ಹೋಗೋಣವೆಂದರೆ ಕಾರ್ಡುಗಳು ಗುಜರಿಗೆ ಹೋಗಿ ಯಾವ ಕಾಲವಾಯಿತು.

ಗ್ರಂಥಪಾಲಕರು ಮೀಟಿಂಗ್ ಕರೆದರು. ಕಂಪನಿಯ ದೊಡ್ಡವರೊಬ್ಬರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಚಹಾ ಬಿಸ್ಕತ್ತು ಇತ್ತು. ಗ್ರಂಥಪಾಲಕರು ಅವಳನ್ನು ನಿಲ್ಲಿಸಿ ಕೇಳಿದರು.

“ಮುಟ್ಟಬಾರದು ಅಂತ ಎಂಜಿನಿಯರ್ ನಿಮಗೆ ಹೇಳಿದ್ರೋ ಇಲ್ವೋ?”

“ಮೌಸು, ಕೀಬೋರ್ಡು ಮುಟ್ಬಾರ್ದು ಅಂದ್ರು ಸರ್. ನಾನು ಮುಟ್ಲಿಲ್ಲ.”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ. ಮುಟ್ಟದೆ ಕಾದದ್ದು ನಿಜವಾಗಿತ್ತು.

“ಗುಡುಗು ಬಂದಾಗ ತೆಗೀಬೇಕು ಅಂತ ನೀವೇ ಹೇಳಿದ್ದಲ್ವಾ ಸರ್,” ಎಂದಳು ಮತ್ತೆ, ಬಹಳ ಮೆಲ್ಲಗೆ. “ಹೋದ ವರ್ಷ ಎಲ್ಲರ ಎದುರು ನನ್ನನ್ನು ಹೊಗಳಿದ್ರಿ.”

ಗ್ರಂಥಪಾಲಕರು ಕನ್ನಡಕ ತೆಗೆದರು. ನಾನು ಎದ್ದೆ. ಯುಪಿಎಸ್ ತೆಗೆದದ್ದನ್ನು ಅವಳಿಗೆ ಯಾರೂ ಹೇಳಲಿಲ್ಲ, ನಕಲಿದ್ದ ಡಿಸ್ಕನ್ನು ಖಾಲಿ ಮಾಡಿದ್ದು ಅವಳಲ್ಲ ಎಂದೆ. ಕಂಪನಿಯ ದೊಡ್ಡವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ, “ಅದೆಲ್ಲ ಟೆಕ್ನಿಕಲ್ ವಿಷಯ,” ಎಂದರು. ಗ್ರಂಥಪಾಲಕರು ನನ್ನ ಕಡೆ ನೋಡದೆ, “ನೀವು ಪತ್ರಿಕೆ ವಿಭಾಗ ನೋಡ್ಕೊಳ್ಳಿ ಮೇಡಂ,” ಎಂದರು. ಎಂಜಿನಿಯರ್ ತಲೆ ತಗ್ಗಿಸಿ ಕೂತಿದ್ದ. ಆ ಇಡೀ ಹೊತ್ತು ಅವನ ಕಿವಿಯಲ್ಲಿ ಫೋನು ಇರಲಿಲ್ಲ. ಅವನಿಗೂ ಅವನ ಕೆಲಸದ ಹೆದರಿಕೆ ಇದ್ದಿರಬೇಕು.

ಉದ್ಘಾಟನೆ ಹೇಳಿದ ದಿನಕ್ಕೇ ಆಯಿತು. ಓದುವ ಕೋಣೆಗೆ ಹೊಸ ಎಸಿ, ಸಾಲು ಸಾಲು ತೆಳ್ಳಗಿನ ಸ್ಕ್ರೀನುಗಳು. ಅತಿಥಿಗಳು ರಿಬ್ಬನ್ ಕತ್ತರಿಸಿ, ಒಂದು ಇಂಗ್ಲಿಷ್ ಪದ ಟೈಪು ಮಾಡಿದರು. ಕಣ್ಣು ಮಿಟುಕಿಸುವುದರೊಳಗೆ ಪುಸ್ತಕಗಳ ಪಟ್ಟಿ ಬಂತು, ಚಪ್ಪಾಳೆ ಬಿತ್ತು. ಅತಿಥಿಗಳು ನಮ್ಮ ನಾಡು, ನಮ್ಮ ನುಡಿ ಎಂದು ಬಹಳ ಹೊತ್ತು ಕನ್ನಡದಲ್ಲೇ ಮಾತಾಡಿದರು. ಒಂದು ಕನ್ನಡ ಪದವನ್ನು ಹುಡುಕಿ ನೋಡಬೇಕೆಂದು ಅಲ್ಲಿ ಯಾರಿಗೂ ಅನಿಸಲಿಲ್ಲ. ನಾನು ಕಾಯುತ್ತಾ ಇದ್ದೆ. ಅನಿಸಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಏನೂ ಆಗುತ್ತಿರಲಿಲ್ಲವೇನೋ.

ಅವಳು ಬಂದಿದ್ದಳು. ಒಳ್ಳೆಯ ಸೀರೆ ಉಟ್ಟು, ಹಿಂದಿನ ಕಂಬದ ಹತ್ತಿರ ನಿಂತು, ಪಟ್ಟಿ ಬಂದಾಗ ಚಪ್ಪಾಳೆಯನ್ನೂ ತಟ್ಟಿದಳು. ತಿಂಗಳ ಕೊನೆಗೆ ಗುತ್ತಿಗೆ ಮುಗಿಯಿತು. ಹೋಗುವ ದಿನ ಮುಸುಕುಗಳನ್ನೆಲ್ಲ ಒಗೆದು ಮಡಚಿ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಹೊಸ ಕಂಪ್ಯೂಟರಿಗೆ ಅವು ಆಗುವುದಿಲ್ಲ, ಅಳತೆ ಬೇರೆ. “ಇರ್ಲಿ ಅಕ್ಕ, ಮೇಜು ಒರೆಸ್ಲಿಕ್ಕೆ ಆಗ್ತದೆ,” ಎಂದಳು. ನಾನು ಒರೆಸಲು ಕೊಡಲಿಲ್ಲ. ಕಪಾಟಿನಲ್ಲಿ ಇವೆ. ಸರ್ವರ್ ಕೋಣೆಯ ಗೋಡೆಯಲ್ಲಿ ‘ಗುಡುಗು ಬಂದಾಗ ಪ್ಲಗ್ ತೆಗೆಯಿರಿ’ ಎಂದು ಅವಳು ಬರೆದು ಅಂಟಿಸಿದ ಕಾಗದವನ್ನು ಯಾರೋ ಕಿತ್ತಿದ್ದಾರೆ. ಟೇಪಿನ ನಾಲ್ಕು ಹಳದಿ ಗುರುತು ಮಾತ್ರ ಉಳಿದಿದೆ.

ಬೈಂಡಿಂಗ್ ಕೋಣೆಯಲ್ಲಿ ಈಗ ನಾನು ಒಬ್ಬಳೇ ಊಟ ಮಾಡುತ್ತೇನೆ. ಬಾಗಿಲು ಹಾಕುವ ಅಗತ್ಯ ಇಲ್ಲ. ಕೆಲವು ತಿಂಗಳ ಹಿಂದೆ ಅಟೆಂಡರ್ ಅಲ್ಲಿಗೆ ಬಂದು, “ಮೇಡಂ, ನಮ್ಮ ಕಂಪ್ಯೂಟರ್ ಅಕ್ಕ ಪುನಃ ಕೆಲಸ ಮಾಡ್ತಾ ಇದ್ದಾಳೆ, ಗೊತ್ತುಂಟಾ?” ಎಂದರು. ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಅವರ ಮುಖ ನೋಡಿದ ಮೇಲೆ ಆ ಸಂತೋಷ ಇಳಿಯಿತು.

ಸಂಗತಿ ಇಷ್ಟು. ಹೋದ ಕನ್ನಡ ಕ್ಯಾಟಲಾಗನ್ನು ಮತ್ತೆ ತುಂಬಲೇಬೇಕಲ್ಲ. ಅದನ್ನು ಬೇರೊಂದು ಏಜೆನ್ಸಿಗೆ ಕೊಟ್ಟಿದ್ದಾರೆ. ಅಟೆಂಡರ್ ಕಪಾಟಿನಿಂದ ಪುಸ್ತಕ ತೆಗೆದು, ಮೊದಲ ಪುಟದ ಫೋಟೋ ಮೊಬೈಲಿನಲ್ಲಿ ಹೊಡೆದು ಏಜೆನ್ಸಿಗೆ ಕಳಿಸುತ್ತಾರೆ. ಏಜೆನ್ಸಿಯವರು ಅದನ್ನು ಮನೆಯಲ್ಲಿ ಕೂತು ಟೈಪು ಮಾಡುವ ಹೆಂಗಸರಿಗೆ ಹಂಚುತ್ತಾರೆ. ಸಂಬಳ ಇಲ್ಲ, ಮಾಡಿದಷ್ಟಕ್ಕೆ. ಊರಿನಲ್ಲಿ ಕನ್ನಡ ಬೇಗ ಟೈಪು ಮಾಡುವವರು ಯಾರು ಎಂದು ಅವರು ಹುಡುಕಿದಾಗ ಅವಳೇ ಸಿಕ್ಕಿದ್ದಾಳೆ.

ಏಪ್ರಿಲಿನ ಒಂದು ಭಾನುವಾರ ಸಂಜೆ ಬೋಳಾರಕ್ಕೆ ಹೋದೆ. ಜಗಲಿಯಲ್ಲಿ ಅವಳ ತಾಯಿ ತಡ್ಪೆ ಇಟ್ಟುಕೊಂಡು ಕೂತಿದ್ದರು. ಬೆರಳು ಗಂಟು ಕಟ್ಟಿ ಈಗ ಹೆಚ್ಚು ಆಗುವುದಿಲ್ಲವಂತೆ. ಅವರ ಪಕ್ಕದಲ್ಲಿ, ಅದೇ ಗೋಡೆಗೆ ಒರಗಿ, ಅವರ ಹಾಗೇ ಕಾಲು ನೀಡಿ, ಮಡಿಲಲ್ಲಿ ಇನ್ನೊಂದು ತಡ್ಪೆ ಇಟ್ಟುಕೊಂಡು ಅವಳು ಕೂತಿದ್ದಳು. ತಡ್ಪೆಯ ಮೇಲೆ ಏಜೆನ್ಸಿಯ ಲ್ಯಾಪ್‌ಟಾಪು.

“ಬಿಸಿ ಆಗ್ತದೆ ಅಕ್ಕ, ತೊಡೆ ಸುಡ್ತದೆ,” ಎಂದಳು ನನ್ನ ಕಣ್ಣು ಎಲ್ಲಿ ಹೋಯಿತೆಂದು ನೋಡಿ. “ಅದಕ್ಕೆ ಇದನ್ನಿಟ್ಟದ್ದು. ಬೇರೆಂತ ಅಲ್ಲ.”

ಒಳಗೆ ಹೋಗಿ ಬೆಲ್ಲ ನೀರು ತಂದುಕೊಟ್ಟು ಮತ್ತೆ ಬಂದು ಕೂತಳು. ಮಾತಾಡುತ್ತಲೇ ಟೈಪು ಮಾಡುತ್ತಿದ್ದಳು. ಫೋಟೋ ಸರಿ ಇಲ್ಲದಿದ್ದರೂ ಎಷ್ಟೋ ಪುಸ್ತಕದ ಹೆಸರು ಅವಳಿಗೆ ಮೊದಲೇ ಗೊತ್ತು, ಒಮ್ಮೆ ಮಾಡಿದ್ದಲ್ಲವೇ. ಆದರೆ ಒಂದು ಅಕ್ಷರ ತಪ್ಪಿದರೂ ಏಜೆನ್ಸಿಯವರು ಅದನ್ನು ಬಿಟ್ಟುಬಿಡುತ್ತಾರೆ, ಅದಕ್ಕೆ ಕೊಡುವುದಿಲ್ಲ.

“ಅಲ್ಲಿಯೂ ತುಂಡು ಮಾಡ್ತಾರಂತೆ,” ಎಂದರು ತಾಯಿ, ಬೀಡಿಯ ತುದಿ ಮಡಚುತ್ತಾ. “ನಮ್ಮ ಬ್ರಾಂಚಿನವನ ಹಾಗೆ. ನಾನು ಹೇಳಿದೆ ಇವಳಿಗೆ, ಎಲ್ಲಾ ಒಂದೇ ಮಗಾ, ಹೊಗೆಸೊಪ್ಪಿನ ವಾಸನೆ ಇಲ್ಲ, ಅಷ್ಟೆ.”

“ನೀನು ಸುಮ್ನಿರು ಅಮ್ಮಾ.”

“ಸುಮ್ನೆ ಇದ್ದೇನಲ್ಲ. ನಾನು ಎಂತ ಹೇಳಿದೆ ಈಗ?”

ಹೊಳೆಯ ಮೇಲೆ ಮೋಡ ಕಪ್ಪಾಗಿತ್ತು. ಪಕ್ಕದ ಮನೆಯವರು ಹಗ್ಗದಿಂದ ಬಟ್ಟೆ ಎಳೆದುಕೊಳ್ಳುತ್ತಿದ್ದರು. ಗುಡುಗು ಬಂತು, ದೂರದಿಂದ. ಓಣಿಯ ಮನೆಮನೆಗಳಲ್ಲಿ ಟೀವಿಗಳ ಸದ್ದು ಒಂದೊಂದಾಗಿ ಆರಿತು.

ಅವಳ ಬೆರಳು ನಿಂತಿತು. ಲ್ಯಾಪ್‌ಟಾಪಿನ ವಯರು ಅವಳ ತಲೆಯ ಪಕ್ಕದಲ್ಲೇ ಗೋಡೆಗೆ ಸಿಕ್ಕಿಸಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಲ್ಯಾಪ್‌ಟಾಪಿನ ಒಳಗೇ ಬ್ಯಾಟರಿ ಇರುತ್ತದೆ, ಆರುವುದಿಲ್ಲ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಬಲಗೈ ಭುಜದವರೆಗೆ ಏರಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ಮಾಡಿದ ಕೆಲಸವನ್ನು ಉಳಿಸುವ ಗುಂಡಿಯನ್ನು ಎಡಗೈಯಲ್ಲಿ ಒತ್ತಿದಳು. ಮತ್ತೆ ಒತ್ತಿದಳು. ಒತ್ತುತ್ತಲೇ ಇದ್ದಳು.

“ತೆಡಿಲ್ ಗುಡುಗ್ತಾ ಉಂಟು, ಕೇಳುವುದಿಲ್ವಾ? ವಯರು ತೆಗಿ,” ಎಂದರು ತಾಯಿ.

ಅವಳು ಅಲುಗಲಿಲ್ಲ.

ಎರಡನೆಯ ಗುಡುಗು ಹತ್ತಿರದಲ್ಲೇ ಆಯಿತು. ಹೆಂಚು ನಡುಗಿತು. ತಾಯಿ ತಡ್ಪೆಯನ್ನು ಬದಿಗೆ ಸರಿಸಿ, ಗೋಡೆ ಹಿಡಿದು ಎದ್ದು, “ಎಂತದು ಇವಳಿಗೆ, ಕಲ್ಲಿನ ಹಾಗೆ ಕೂತಿದ್ದಾಳೆ, ಸುಟ್ಟುಹೋದ್ರೆ ಯಾರು ಕೊಡ್ತಾರೆ,” ಎಂದು ಗೊಣಗುತ್ತಾ ಬಂದು ಪ್ಲಗ್ಗನ್ನು ಎಳೆದರು. ಅವರಿಗೆ ಅವಳು ಆ ದಿನದ್ದನ್ನು ಹೇಳಿರಲಿಲ್ಲ. ಗುತ್ತಿಗೆ ಮುಗಿಯಿತು ಎಂದಷ್ಟೇ ಹೇಳಿದ್ದು.

ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಸ್ಕ್ರೀನಿನ ಬೆಳಕು ಒಂದಿಷ್ಟು ಮಂಕಾಗಿ, ಹಾಗೇ ನಿಂತಿತು. ಆ ಮಂಕು ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು.

“ಉಂಟಾ ಅಕ್ಕ?” ಎಂದು ಕಣ್ಣು ತೆರೆಯದೆಯೇ ಕೇಳಿದಳು.

“ಉಂಟು,” ಎಂದೆ.

ಕಣ್ಣು ತೆರೆದು ಕೊನೆಯ ಸಾಲನ್ನು ಬೆರಳಿಟ್ಟು ಓದಿಕೊಂಡಳು. ಆಮೇಲೆ ಮುಂದಿನ ಪುಸ್ತಕದ ಫೋಟೋ ತೆರೆದಳು.